ಬ್ಯಾರೋಮೀಟರ್ ಕೆಟ್ಟಿದೆಯೋ, ಗುರುತ್ವ ಬದಲಾಗಿದೆಯೋ? ಮೈಸೂರು, ಮಂಡ್ಯದವರಿಗೊಂದು ದೋಷ ನಿವಾರಣೆ ಕೈಪಿಡಿ

ತಾರಸಿಯಲ್ಲಿ ಪುಟ್ಟ ಹವಾಮಾನ ಯಂತ್ರ ಇಟ್ಟುಕೊಂಡವರು, ಫೋನಿನ ಒತ್ತಡ ಸೆನ್ಸರನ್ನು ಆಗಾಗ ನೋಡುವವರು, ಕಾಲೇಜು ಲ್ಯಾಬಿನಲ್ಲಿ ಪಾದರಸದ ಬ್ಯಾರೋಮೀಟರ್ ಓದುವ ವಿದ್ಯಾರ್ಥಿಗಳು, ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ರೀಡಿಂಗ್ ತಾಳೆ ಆಗ್ತಿಲ್ಲ ಸರ್, ಗುರುತ್ವದಲ್ಲೇನಾದ್ರೂ ವ್ಯತ್ಯಾಸ ಇರಬಹುದಾ?" ಪ್ರಶ್ನೆ ಸರಿಯಾಗಿಯೇ ಇದೆ. ಗಾಳಿಯ ಒತ್ತಡ ಅಂದರೆ ನಮ್ಮ ನೆತ್ತಿಯ ಮೇಲಿರುವ ಗಾಳಿಯ ಭಾರ. ಭಾರ ಅಂದಮೇಲೆ ಗುರುತ್ವ ಇದ್ದೇ ಇರುತ್ತದೆ. ಆದರೆ ಅದರ ಪಾಲು ಎಷ್ಟು ಎಂದು ತಿಳಿಯದೆ ಅನುಮಾನಪಟ್ಟರೆ ನಿಜವಾದ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಅಳತೆ ಇಷ್ಟು ನೆನಪಿಟ್ಟುಕೊಳ್ಳಿ. ಊರಿಂದ ಊರಿಗೆ ಗುರುತ್ವ ಬದಲಾಗುತ್ತದೆ: (ಸೆಕೆಂಡ್ ವರ್ಗಕ್ಕೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ) ಮೈಸೂರಿನಲ್ಲಿ ಸುಮಾರು 9.78, ದೆಹಲಿಯಲ್ಲಿ 9.79, ಜರ್ಮನಿಯ ಕಡೆ 9.81, ಉಪಕರಣ ತಯಾರಕರು ಪ್ರಮಾಣವೆಂದು ಹಿಡಿಯುವುದು 9.80665. ಅಂದರೆ ಸಾವಿರಕ್ಕೆ ಒಂದರಿಂದ ಮೂರು ಪಾಲಿನ ವ್ಯತ್ಯಾಸ. ಒಂದೇ ಊರಿನಲ್ಲಿ, ಒಂದೇ ಜಾಗದಲ್ಲಿ, ಗಂಟೆಯಿಂದ ಗಂಟೆಗೆ ಚಂದ್ರ ಸೂರ್ಯರ ಎಳೆತದಿಂದ ಆಗುವ ಬದಲಾವಣೆ ಕೋಟಿಗೆ ಒಂದೆರಡು ಪಾಲು. ಮೊದಲನೆಯದು ಕೆಲವು ಉಪಕರಣಗಳಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಎರಡನೆಯದು ನಿಮ್ಮ ಮನೆಯ ಯಾವ ಯಂತ್ರಕ್ಕೂ ಕಾಣುವುದಿಲ್ಲ.

ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ ಕಷ್ಟದವುಗಳ ಕಡೆಗೆ ಹೋಗೋಣ.

"ಆ್ಯಪ್ 1011 ಅನ್ನುತ್ತೆ, ನನ್ನ ಯಂತ್ರ 925 ಅನ್ನುತ್ತೆ"

ಇದು ದೋಷವೇ ಅಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಷ್ಟು ದಪ್ಪದ ಗಾಳಿ ನಮಗಿಂತ ಕೆಳಗೇ ಉಳಿದಿದೆ, ಅದರ ಭಾರ ನಮ್ಮ ಮೇಲೆ ಬೀಳುವುದಿಲ್ಲ. ಹಾಗಾಗಿ ಇಲ್ಲಿ ನಿಜವಾಗಿ ಇರುವ ಒತ್ತಡ 925 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆಮಾನ) ಆಸುಪಾಸು. ಮಂಡ್ಯ ಇನ್ನೂ ತಗ್ಗು, ಸುಮಾರು 680 ಮೀಟರ್, ಅಲ್ಲಿ 935ರ ಹತ್ತಿರ ಇರುತ್ತದೆ. ಆ್ಯಪ್ ತೋರಿಸುವುದು ಊರಿನ ಎತ್ತರವನ್ನು ಲೆಕ್ಕದಲ್ಲಿ ಕಳೆದು ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ. ಬೇರೆ ಬೇರೆ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಬೇಕಾದರೆ ಹಾಗೆ ಮಾಡಲೇಬೇಕು.

ಮೊದಲು ಯಂತ್ರದ ಸೆಟ್ಟಿಂಗ್ ನೋಡಿ. ಮನೆಬಳಕೆಯ ಹವಾಮಾನ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಬ್ಸಲ್ಯೂಟ್, ರಿಲೇಟಿವ್ ಎಂದು ಎರಡು ಬಗೆ ಇರುತ್ತವೆ. ಅಬ್ಸಲ್ಯೂಟ್ ಅಂದರೆ ಇದ್ದಲ್ಲಿನ ಒತ್ತಡ, ರಿಲೇಟಿವ್ ಅಂದರೆ ಸಮುದ್ರಮಟ್ಟಕ್ಕೆ ಇಳಿಸಿದ್ದು. ಮೈಸೂರಿನಲ್ಲಿ ಅಬ್ಸಲ್ಯೂಟ್ ಅಂಕಿಯೇ 1010 ಬರುತ್ತಿದ್ದರೆ ಯಾರೋ ಹಿಂದೆ ತಿದ್ದುಪಡಿ ಹಾಕಿಟ್ಟಿದ್ದಾರೆ ಎಂದರ್ಥ, ತೆಗೆದುಬಿಡಿ. 860, 1100 ಎಂಬಂಥ ಅಂಕಿ ಬಂದು ಅಲ್ಲೇ ನಿಂತುಬಿಟ್ಟರೆ ಸೆನ್ಸರಿಗೆ ನೀರು ಹೊಕ್ಕಿದೆ ಅಥವಾ ಅದು ಸತ್ತಿದೆ.

ಸೆನ್ಸರ್ ಜೀವಂತವಾಗಿದೆಯೇ ಎಂದು ತಿಳಿಯಲು ಮನೆಯ ಮೆಟ್ಟಿಲು ಸಾಕು. ನಮ್ಮ ಎತ್ತರದಲ್ಲಿ ಒಂಬತ್ತೂವರೆ ಮೀಟರ್ ಮೇಲೇರಿದರೆ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ನೆಲಮಹಡಿಯಲ್ಲಿ ಒಮ್ಮೆ ಓದಿ, ಮೂರು ಮಹಡಿ ಹತ್ತಿ ತಾರಸಿಯಲ್ಲಿ ಒಮ್ಮೆ ಓದಿ, ತಕ್ಷಣ ಇಳಿದು ಮತ್ತೊಮ್ಮೆ ಓದಿ. ಸುಮಾರು 1 ಇಳಿದು, ಮತ್ತೆ 1 ಏರಿದರೆ ಸೆನ್ಸರಿಗೆ ಏನೂ ಆಗಿಲ್ಲ. ಇಂಥ ಚಿಪ್‌ಗಳು ವ್ಯತ್ಯಾಸವನ್ನು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ಒಟ್ಟು ಅಂಕಿಯಲ್ಲಿ ಒಂದು ಹೆಕ್ಟೋಪ್ಯಾಸ್ಕಲ್‌ನಷ್ಟು ಆಚೀಚೆ ಆಗುವುದು ಮಾಮೂಲು. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಬಿಎಂಪಿ280 ಎಂಬ ಒತ್ತಡದ ಚಿಪ್‌ನ ನಿಖರತೆಯೂ ಇಷ್ಟೇ. ಆದ್ದರಿಂದ ಅಕ್ಕಪಕ್ಕದಲ್ಲಿಟ್ಟ ಎರಡು ಫೋನುಗಳು ಒಂದು ಅಂಕಿ ಬೇರೆ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ.

ಫೋನಿನಲ್ಲಿ ಇನ್ನೊಂದು ಮೋಸ ಇದೆ. ನೀರು ನುಗ್ಗದಂತೆ ಬಿಗಿದ ಫೋನುಗಳ ಪರದೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಒಳಗಿನ ಗಾಳಿ ಅಮುಕಿ ರೀಡಿಂಗ್ ಏರಿಬಿಡುತ್ತದೆ. ಬಿಗಿಯಾದ ಕವರ್ ಕೂಡ ಇದೇ ಕೆಲಸ ಮಾಡುತ್ತದೆ. ಕವರ್ ತೆಗೆದು ಮೇಜಿನ ಮೇಲಿಟ್ಟು ಓದಿ.

"ನನ್ನ ಮನೆ ಮಧ್ಯಾಹ್ನದ ಹೊತ್ತಿಗೆ 30 ಮೀಟರ್ ಮೇಲೇರುತ್ತೆ"

ಒತ್ತಡ ನೋಡಿ ಎತ್ತರ ತೋರಿಸುವ (ಒತ್ತಡ ಇಳಿದರೆ ಎತ್ತರ ಏರಿದೆ ಎನ್ನುವ) ಆ್ಯಪ್ ಅಥವಾ ವಾಚು ಇರುವವರು ಗಮನಿಸುವ ಸಂಗತಿ ಇದು. ಬೆಳಿಗ್ಗೆ ಹತ್ತಕ್ಕೆ 762 ಮೀಟರ್ ಇದ್ದ ಮನೆ ಸಂಜೆ ನಾಲ್ಕಕ್ಕೆ 790 ದಾಟಿರುತ್ತದೆ, ರಾತ್ರಿ ಮತ್ತೆ ಕೆಳಗಿಳಿದಿರುತ್ತದೆ. ಯಂತ್ರದ ಗ್ರಾಫ್ ನೋಡುವವರಿಗೆ ಇದೇ ಸಂಗತಿ ದಿನಕ್ಕೆ ಎರಡು ಏರು, ಎರಡು ಇಳಿತವಾಗಿ ಕಾಣುತ್ತದೆ. ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಹೊತ್ತಿಗೆ ಏರು. ನಸುಕಿನ ನಾಲ್ಕು, ಸಂಜೆ ನಾಲ್ಕರ ಹೊತ್ತಿಗೆ ಇಳಿತ. ಆಕಾಶ ತಿಳಿಯಾಗಿರುವ ಫೆಬ್ರವರಿ, ಮಾರ್ಚ್ ದಿನಗಳಲ್ಲಿ ಬೆಳಗಿನ ಏರಿಗೂ ಸಂಜೆಯ ಇಳಿತಕ್ಕೂ 3-4 ಹೆಕ್ಟೋಪ್ಯಾಸ್ಕಲ್ ಅಂತರ ಇರುತ್ತದೆ. ಮೀಟರಿನ ಲೆಕ್ಕದಲ್ಲಿ 30ರಿಂದ 40.

ದಿನಕ್ಕೆ ಎರಡು ಸಲ ಎಂದ ಕೂಡಲೇ ಸಮುದ್ರದ ಉಬ್ಬರ ನೆನಪಾಗುತ್ತದೆ, ಅಲ್ಲಿಂದ ಚಂದ್ರನ ಗುರುತ್ವಕ್ಕೆ ಮನಸ್ಸು ಹಾರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಈ ಇಡೀ ಕೈಪಿಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆಯೂ ಇದೇ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಏರಿಳಿತ ಅವನದ್ದಾಗಿದ್ದರೆ ಏರಿನ ಹೊತ್ತೂ ದಿನಕ್ಕೆ 50 ನಿಮಿಷ ಮುಂದೆ ಹೋಗಬೇಕು. ಒಂದು ವಾರದಲ್ಲಿ ಆರು ಗಂಟೆ ಸರಿದು, ಏರು ಇದ್ದ ಹೊತ್ತಿಗೆ ಇಳಿತ ಬರಬೇಕು. ಮಂಗಳೂರಿನ ಕಡಲಲ್ಲಿ ಹಾಗೇ ಆಗುತ್ತದೆ. ನಿಮ್ಮ ಗ್ರಾಫಿನಲ್ಲಿ ಈ ಸೋಮವಾರವನ್ನೂ ಮುಂದಿನ ಸೋಮವಾರವನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಏರು ಹತ್ತು ಗಂಟೆಯ ಹತ್ತಿರವೇ ಕೂತಿರುತ್ತದೆ. ಅದು ನಡೆಯುವುದು ಸೂರ್ಯನ ಗಡಿಯಾರದಂತೆ.

ಹಾಗಾದರೆ ಸೂರ್ಯನ ಗುರುತ್ವವೇ? ಅದೂ ಅಲ್ಲ. ಉಬ್ಬರ ಎಬ್ಬಿಸುವ ಬಲದಲ್ಲಿ ಚಂದ್ರನ ಪಾಲು ಸೂರ್ಯನದಕ್ಕಿಂತ ಎರಡು ಪಟ್ಟಿಗೂ ತುಸು ಹೆಚ್ಚು. ಎಳೆತವೇ ಕಾರಣವಾಗಿದ್ದರೆ ಚಂದ್ರನ ಗುರುತೇ ದೊಡ್ಡದಾಗಿ ಕಾಣಬೇಕಿತ್ತು. ಕೆಲಸ ಮಾಡುತ್ತಿರುವುದು ಬಿಸಿಲಿನ ಕಾವು. ಗಾಳಿಯಲ್ಲಿನ ನೀರಾವಿ, ಮೇಲಿನ ಓಝೋನ್ ಪದರ ಬಿಸಿಲನ್ನು ಹೀರಿ ಕಾಯುತ್ತವೆ, ಇಡೀ ವಾಯುಮಂಡಲದಲ್ಲಿ ಅಲೆ ಏಳುತ್ತದೆ, ಆ ಅಲೆ ಸೂರ್ಯನ ಹಿಂದೆ ಭೂಮಿಯನ್ನು ಸುತ್ತುತ್ತದೆ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಅದು ಅತಿ ಸ್ಪಷ್ಟ. ಯೂರೋಪಿನವರಿಗೆ ಬಿರುಗಾಳಿಗಳ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ.

ಚಂದ್ರನ ಉಬ್ಬರವೂ ಗಾಳಿಯಲ್ಲಿ ಇದೆ, ಇಲ್ಲವೆನ್ನಲಾಗದು. ಆದರೆ ಉಷ್ಣವಲಯದಲ್ಲೂ ಅದು 0.1 ಹೆಕ್ಟೋಪ್ಯಾಸ್ಕಲ್ ಮುಟ್ಟುವುದಿಲ್ಲ. ಬ್ರಿಟಿಷ್ ವಿಜ್ಞಾನಿ ಎಡ್ವರ್ಡ್ ಸಬೈನ್ 1847ರಲ್ಲಿ ಸೇಂಟ್ ಹೆಲೆನಾ ದ್ವೀಪದ ಬ್ಯಾರೋಮೀಟರ್ ದಾಖಲೆಗಳಿಂದ ಅದನ್ನು ಹೆಕ್ಕಿ ತೋರಿಸಿದಾಗ, ವರ್ಷಗಟ್ಟಲೆಯ ರೀಡಿಂಗುಗಳನ್ನು ಚಂದ್ರನ ಹೊತ್ತಿಗೆ ತಕ್ಕಂತೆ ಜೋಡಿಸಿ ಸರಾಸರಿ ತೆಗೆಯಬೇಕಾಯಿತು. ನಿಮ್ಮಲ್ಲಿ ಒಳ್ಳೆಯ ಸೆನ್ಸರ್ ಇದ್ದು, ತಾಸಿಗೊಮ್ಮೆ ದಾಖಲಾಗುವ ಎರಡು ಮೂರು ವರ್ಷಗಳ ಅಂಕಿ ಇದ್ದರೆ ನೀವೂ ಪ್ರಯತ್ನಿಸಬಹುದು. ಮೈಸೂರಿನ ಅಕ್ಷಾಂಶ ಅದಕ್ಕೆ ಹೇಳಿಮಾಡಿಸಿದ ಜಾಗ.

ಎತ್ತರದ ಆ್ಯಪ್‌ಗೆ ಪರಿಹಾರ ಸುಲಭ. ಎತ್ತರ ಗೊತ್ತಿರುವ ಜಾಗದಲ್ಲಿ, ಉದಾಹರಣೆಗೆ ರೈಲು ನಿಲ್ದಾಣದ ಹಳದಿ ಫಲಕದ ಬಳಿ, ಅಂಕಿ ಸರಿಹೊಂದಿಸಿ ಆಮೇಲೆ ಹೊರಡಿ. ಎರಡು ಮೂರು ಗಂಟೆಯ ನಂತರ ಮತ್ತೆ ಹೊಂದಿಸಿ.

"ಗ್ರಹಣದ ದಿನ ಒನಕೆ ನಿಂತಿತು, ಅಂದರೆ ಗುರುತ್ವ ಬದಲಾಗಿದೆ"

2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕೊಡಗು, ಮಂಗಳೂರಿನ ಕಡೆ ಪೂರ್ತಿ ಉಂಗುರವಾಗಿ ಕಂಡಿತು, ನಮ್ಮಲ್ಲಿ ಪಾರ್ಶ್ವವಾಗಿ. ಇಂಥ ದಿನ ತಟ್ಟೆಯಲ್ಲಿ ನೀರಿಟ್ಟು ಒನಕೆ ನಿಲ್ಲಿಸುವ ರೂಢಿ ಹಳ್ಳಿಗಳಲ್ಲಿದೆ. ನಿಂತ ಒನಕೆ ನಿಜ, ಕಾರಣ ಬೇರೆ. ಪ್ರತಿ ಅಮಾವಾಸ್ಯೆಯಂದೂ ಸೂರ್ಯ ಚಂದ್ರರು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಎಳೆಯುತ್ತಾರೆ. ಗ್ರಹಣದ ದಿನ ಆ ಎಳೆತಕ್ಕೆ ಹೊಸದಾಗಿ ಸೇರುವುದು ಏನೂ ಇಲ್ಲ. ಆ ಎಳೆತ ಎರಡು ಕಿಲೋ ಒನಕೆಯ ತೂಕವನ್ನು ಬದಲಿಸುವುದು ಮಿಲಿಗ್ರಾಮಿನ ಒಂದು ಅಂಶದಷ್ಟು.

ಪರೀಕ್ಷೆಗೆ ಖರ್ಚಿಲ್ಲ. ಅದೇ ಒನಕೆ, ಅದೇ ತಟ್ಟೆ, ಗ್ರಹಣವಿಲ್ಲದ ಯಾವುದಾದರೂ ದಿನ. ಲೋಹದ ಬಳೆ ಕಟ್ಟಿದ ತಳ ಚಪ್ಪಟೆಯಾಗಿದ್ದು, ನಿಲ್ಲಿಸುವವರಿಗೆ ತಾಳ್ಮೆ ಇದ್ದರೆ ನಿಂತೇ ನಿಲ್ಲುತ್ತದೆ. ಮಕ್ಕಳ ಕೈಯಲ್ಲೇ ಮಾಡಿಸಿ. ಒನಕೆ ಕಾಲ ಮೇಲೆ ಬೀಳದಂತೆ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಗ್ರಹಣದ ಹೊತ್ತಿನಲ್ಲಿ ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು, ಎಕ್ಸ್‌ರೇ ಫಿಲ್ಮು, ಕರಿ ಕನ್ನಡಕ ಯಾವುದೂ ರಕ್ಷಣೆ ಕೊಡುವುದಿಲ್ಲ.

"ಹತ್ತೇ ನಿಮಿಷದಲ್ಲಿ ಒತ್ತಡ ಜಿಗಿಯಿತು" ಅಥವಾ "ಎರಡು ದಿನದಿಂದ ಇಳಿಯುತ್ತಲೇ ಇದೆ"

ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟಿ, ತಣ್ಣನೆ ಗಾಳಿ ಬೀಸಿ, ಯಂತ್ರದ ಗೆರೆ ಥಟ್ಟನೆ ಒಂದೆರಡು ಹೆಕ್ಟೋಪ್ಯಾಸ್ಕಲ್ ಮೇಲಕ್ಕೆ ನೆಗೆಯುತ್ತದೆ. ಗುಡುಗುಮೋಡದಿಂದ ಕೆಳಗೆ ಸುರಿಯುವ ತಂಪು ಗಾಳಿ ಬಿಸಿ ಗಾಳಿಗಿಂತ ಭಾರ, ಅದು ಊರಿನ ಮೇಲೆ ಹರಡಿದಾಗ ಒತ್ತಡ ಏರುತ್ತದೆ. ಅದೇ ಗಳಿಗೆಯಲ್ಲಿ ಉಷ್ಣತೆಯೂ ಧಡಕ್ಕನೆ ಇಳಿದಿದ್ದರೆ ಯಂತ್ರ ಸರಿಯಿದೆ, ಮಳೆ ಬಾಗಿಲಲ್ಲಿದೆ. ಉಷ್ಣತೆ ಅಲುಗದೆ ಒತ್ತಡ ಮಾತ್ರ ನೆಗೆದಿದ್ದರೆ ಬಾಗಿಲು ಬಡಿದದ್ದೋ, ಸೆನ್ಸರ್ ಬಾಯಿಗೆ ನೇರ ಗಾಳಿ ಹೊಡೆದದ್ದೋ, ಅಡಾಪ್ಟರಿನ ವೈರು ಸಡಿಲವಾದದ್ದೋ ನೋಡಬೇಕು.

ಆದರೆ ಆಗಲೇ ನೋಡಬೇಡಿ. ಗುಡುಗು ಕೇಳಿಸಿದ ಮೇಲೆ ಸೆನ್ಸರ್ ಸರಿಮಾಡಲು ತಾರಸಿ ಹತ್ತುವುದು ಪ್ರಾಣಕ್ಕೆ ಕುತ್ತು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಒಳಗಿರಿ. ಗದ್ದೆಯಲ್ಲಿದ್ದರೆ ತೆಂಗಿನ ಮರ, ಹುಣಸೆ ಮರದ ಬುಡಕ್ಕೆ ಹೋಗಬೇಡಿ. ನೆನೆದ ಅಡಾಪ್ಟರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ.

ನಿಧಾನದ ಇಳಿತ ಬೇರೆ ಕಥೆ. ಅದನ್ನು ಅಳೆಯುವಾಗ ಬೆಳಿಗ್ಗೆಯ ಅಂಕಿಗೆ ಸಂಜೆಯದ್ದನ್ನು ಹೋಲಿಸಿದರೆ ಆಗಲೇ ಹೇಳಿದ ದಿನದ ಅಲೆ ದಾರಿ ತಪ್ಪಿಸುತ್ತದೆ. ಇವತ್ತಿನ ಹತ್ತು ಗಂಟೆಗೆ ನಿನ್ನೆಯ ಹತ್ತು ಗಂಟೆಯನ್ನೇ ಹೋಲಿಸಿ. ಒಂದು ದಿನಕ್ಕೆ 3 ಹೆಕ್ಟೋಪ್ಯಾಸ್ಕಲ್ ಇಳಿದು, ಇಳಿತ ಇನ್ನೂ ಮುಂದುವರಿದಿದ್ದರೆ ನಮ್ಮ ಭಾಗಕ್ಕೆ ಅದು ದೊಡ್ಡದೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿದೆಯೇ ಎಂದು ಹವಾಮಾನ ಇಲಾಖೆಯ ಪ್ರಕಟಣೆ ನೋಡಿ. ಅಲ್ಲಿಗೆ ನಿಮ್ಮ ಸ್ವಂತ ಪತ್ತೆದಾರಿ ನಿಲ್ಲಿಸಿ, ಅವರು ಹೇಳಿದಂತೆ ನಡೆಯಿರಿ.

"ವಾಯುಭಾರ ಇಳಿದ ದಿನ ಬಿಪಿ ಮೆಷಿನ್ ತಪ್ಪು ತೋರಿಸುತ್ತಾ?"

ಇಲ್ಲ. ಆ ಯಂತ್ರ ಅಳೆಯುವುದು ಹೊರಗಿನ ಗಾಳಿಗಿಂತ ರಕ್ತದ ಒತ್ತಡ ಎಷ್ಟು ಹೆಚ್ಚು ಎಂಬುದನ್ನು. ಹೊರಗಿನದು ಎರಡೂ ಕಡೆ ಇರುವುದರಿಂದ ಕಳೆದುಹೋಗುತ್ತದೆ. ಪಾದರಸದ ಹಳೆಯ ಬಿಪಿ ಯಂತ್ರದಲ್ಲಿ ಗುರುತ್ವದ ಪಾಲು 140ಕ್ಕೆ ಅರ್ಧ ಮಿಲಿಮೀಟರೂ ಆಗುವುದಿಲ್ಲ. ರೀಡಿಂಗ್ ಹೆಚ್ಚು ಬಂದಿದ್ದರೆ ಐದು ನಿಮಿಷ ಕುಳಿತು ಮತ್ತೆ ಅಳೆಯಿರಿ. ಮತ್ತೂ ಹೆಚ್ಚೇ ಇದ್ದರೆ ವೈದ್ಯರ ಬಳಿ ಹೋಗಿ. ತಲೆಸುತ್ತು, ಎದೆನೋವು, ಮಾತು ತೊದಲುವುದು ಇದ್ದರೆ ಮತ್ತೆ ಅಳೆಯುತ್ತಾ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ.

"ಹೊಸ ತೂಕದ ಯಂತ್ರ, ಹಳೆಯ ತಕ್ಕಡಿ ಎರಡಕ್ಕೂ ತಾಳೆ ಇಲ್ಲ"

ಇಲ್ಲಿ ಗುರುತ್ವದ ಮೇಲಿನ ಅನುಮಾನಕ್ಕೆ ಆಧಾರ ಇದೆ. ತಕ್ಕಡಿಯಲ್ಲಿ ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಬಟ್ಟು. ಎರಡನ್ನೂ ಭೂಮಿ ಒಂದೇ ಸಮ ಎಳೆಯುತ್ತದೆ. ಮಂಡ್ಯದಲ್ಲಿ ತೂಗಿದರೂ ಲಂಡನ್ನಿನಲ್ಲಿ ತೂಗಿದರೂ ತಕ್ಕಡಿ ಒಂದೇ ಮಾತು ಹೇಳುತ್ತದೆ. ಎಲೆಕ್ಟ್ರಾನಿಕ್ ಯಂತ್ರದೊಳಗಿರುವ ಲೋಡ್‌ಸೆಲ್ ಹಾಗಲ್ಲ. ಅದು ಅಳೆಯುವುದು ಎಳೆತವನ್ನು, ಕಿಲೋ ಎಂಬುದು ಆಮೇಲಿನ ಲೆಕ್ಕ. ದೆಹಲಿಯಲ್ಲಿ ಹೊಂದಿಸಿ ಕಳಿಸಿದ ಯಂತ್ರವನ್ನು ಇಲ್ಲಿ ಹಾಗೇ ಬಳಸಿದರೆ ಕಿಲೋಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಜರ್ಮನಿಯಲ್ಲಿ ಹೊಂದಿಸಿದ್ದಾದರೆ ಮೂರು ಗ್ರಾಂ. ಆಲೆಮನೆಯಲ್ಲಿ ನೂರು ಕಿಲೋ ಅಚ್ಚು ಬೆಲ್ಲ ತೂಗುವಾಗ ಅದು ನೂರು ಗ್ರಾಂ, ಮುನ್ನೂರು ಗ್ರಾಂ ಆಗುತ್ತದೆ. ರೈತನಿಗೆ ಅದು ಪ್ರತಿ ಗಾಡಿಯಲ್ಲೂ ಆಗುವ ನಷ್ಟ.

ಆದರೂ ಗುರುತ್ವಕ್ಕೆ ಮೊದಲು ನೋಡಬೇಕಾದವು ಬೇರೆ ಇವೆ. ನಾಲ್ಕು ಕಾಲೂ ನೆಲಕ್ಕೆ ಊರಿವೆಯೇ, ಮಟ್ಟ ತೋರಿಸುವ ಗುಳ್ಳೆ ನಡುವೆ ಇದೆಯೇ? ಆಲೆಮನೆಯ ಒಲೆಯ ಝಳ ತಟ್ಟುವ ಕಡೆ ಇಟ್ಟಿದ್ದೀರಾ? ತಟ್ಟೆಯ ಕೆಳಗೆ ಬೆಲ್ಲದ ಪುಡಿ, ಇರುವೆ ಸೇರಿವೆಯೇ? ಬ್ಯಾಟರಿ ಇಳಿದಿದೆಯೇ? ಫ್ಯಾನ್ ಗಾಳಿ ಬಡಿಯುತ್ತಿದೆಯೇ? ಆನ್ ಮಾಡಿ ಒಂದು ಕಾಲು ಗಂಟೆ ಬಿಟ್ಟು, ಮುದ್ರೆ ಇರುವ ಬಟ್ಟನ್ನು ನಡುವಿಗೂ ನಾಲ್ಕು ಮೂಲೆಗೂ ಇಟ್ಟು ಓದಿ. ಮೂಲೆಯಿಂದ ಮೂಲೆಗೆ ಅಂಕಿ ಬೇರೆಯಾದರೆ ಲೋಡ್‌ಸೆಲ್ಲೋ ಅದರ ಚೌಕಟ್ಟೋ ಕೆಟ್ಟಿದೆ. ಎಲ್ಲ ಕಡೆಯೂ ಒಂದೇ ಅನುಪಾತದಲ್ಲಿ ಕಡಿಮೆ ಬಂದರೆ, ಅಂದರೆ 5 ಕಿಲೋಗೆ 5 ಗ್ರಾಂ, 20 ಕಿಲೋಗೆ 20 ಗ್ರಾಂ ಹೀಗೆ, ಯಂತ್ರವನ್ನು ಬೇರೆ ಊರಿನ ಗುರುತ್ವಕ್ಕೆ ಹೊಂದಿಸಿದ ಲಕ್ಷಣ ಅದು.

ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಸೀಲು ಒಡೆದು ಒಳಗೆ ಕೈ ಹಾಕಬೇಡಿ, ವ್ಯಾಪಾರದ ಯಂತ್ರದಲ್ಲಿ ಅದು ಅಪರಾಧ. ಪರವಾನಗಿ ಇರುವ ರಿಪೇರಿಯವರಿಂದ ಇಲ್ಲೇ, ಈ ಜಾಗದಲ್ಲೇ ಹೊಂದಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ. ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಆ ಮುದ್ರೆ ಬೇಕೇ ಬೇಕು.

ಗಾಳಿಯ ಒತ್ತಡ ತೂಕಕ್ಕೆ ತಟ್ಟುವುದೇ ಇಲ್ಲವೇ? ತಟ್ಟುತ್ತದೆ, ಆದರೆ ಗುರುತ್ವದ ದಾರಿಯಿಂದ ಅಲ್ಲ. ನೀರಿನಲ್ಲಿ ಮುಳುಗಿದ ವಸ್ತು ಹಗುರಾಗುವಂತೆ ಗಾಳಿಯಲ್ಲಿರುವ ವಸ್ತುವೂ ಚೂರು ಹಗುರಾಗುತ್ತದೆ. ಮೈಸೂರಿನಲ್ಲಿ ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಂಗಿಂತ ತುಸು ಹೆಚ್ಚು. ದಿನದ 3 ಹೆಕ್ಟೋಪ್ಯಾಸ್ಕಲ್ ಏರಿಳಿತದಿಂದ ಅದು ಬದಲಾಗುವುದು ಮೂರೂವರೆ ಮಿಲಿಗ್ರಾಂ. ಬೆಲ್ಲದ ವ್ಯಾಪಾರಕ್ಕೆ ಇದು ಲೆಕ್ಕಕ್ಕಿಲ್ಲ, ರಸಾಯನಶಾಸ್ತ್ರದ ಸೂಕ್ಷ್ಮ ತಕ್ಕಡಿಯಲ್ಲಿ ಮಾತ್ರ ಗಮನಕ್ಕೆ ಬರುತ್ತದೆ.

"ಚಾಮುಂಡಿ ಬೆಟ್ಟದ ಮೇಲೆ ಎರಡೂ ಕಡಿಮೆ, ಹಾಗಾದರೆ ಒಂದರಿಂದ ಇನ್ನೊಂದು?"

ಸಾವಿರ ಮೆಟ್ಟಿಲು ಹತ್ತಿ ಮೇಲೆ ಹೋದರೆ, ಊರಿಗಿಂತ ಸುಮಾರು 300 ಮೀಟರ್ ಎತ್ತರ. ಒತ್ತಡ 925ರಿಂದ 895ರ ಹತ್ತಿರಕ್ಕೆ ಇಳಿದಿರುತ್ತದೆ, ನೂರಕ್ಕೆ ಮೂರು ಪಾಲು. ಗುರುತ್ವವೂ ಇಳಿದಿರುತ್ತದೆ, ಆದರೆ ಹತ್ತು ಸಾವಿರಕ್ಕೆ ಒಂದು ಪಾಲೂ ಆಗುವುದಿಲ್ಲ. ಎರಡೂ ಒಟ್ಟಿಗೆ ಇಳಿದವು ಎಂಬುದಷ್ಟೇ ನಿಜ. ಒತ್ತಡ ಇಳಿದದ್ದು 300 ಮೀಟರ್ ಗಾಳಿ ಕೆಳಗೆ ಉಳಿದದ್ದರಿಂದ, ಗುರುತ್ವ ಇಳಿದದ್ದು ಭೂಮಿಯ ನಡುವಿನಿಂದ ದೂರವಾದದ್ದರಿಂದ. ಮೂಲ ಕಾರಣ ಎತ್ತರ. ಯಾರಾದರೂ ಎರಡರ ಅಂಕಿಗಳನ್ನು ಗ್ರಾಫಿಗೆ ಹಾಕಿ ಸೊಗಸಾದ ನೇರ ಗೆರೆ ತೋರಿಸಿದರೆ ಮೊದಲು ಕೇಳಬೇಕಾದದ್ದು, ಎರಡನ್ನೂ ಒಂದೇ ಎತ್ತರದಲ್ಲಿ ಅಳೆದಿದ್ದಾರೆಯೇ ಎಂದು.

"ಲ್ಯಾಬಿನ ಪಾದರಸದ ಬ್ಯಾರೋಮೀಟರ್ ಫೋನಿಗಿಂತ ಆರೇಳು ಅಂಕಿ ಹೆಚ್ಚು"

ಗುರುತ್ವ ಮತ್ತು ಗಾಳಿಯ ಒತ್ತಡ ಕಣ್ಣಿಗೆ ಕಾಣುವಂತೆ ಕೈಜೋಡಿಸುವುದು ಇಲ್ಲಿ. ಗೋಡೆಗೆ ತೂಗುಹಾಕಿದ ಫೋರ್ಟಿನ್ ಬ್ಯಾರೋಮೀಟರಿನಲ್ಲಿ ಗಾಳಿಯ ಒತ್ತಡ ಪಾದರಸದ ಕಂಬವನ್ನು ಎತ್ತಿ ಹಿಡಿದಿರುತ್ತದೆ. ಗುರುತ್ವ ಕಡಿಮೆ ಇರುವ ಊರಿನಲ್ಲಿ ಪಾದರಸ ಅಷ್ಟರಮಟ್ಟಿಗೆ ಹಗುರ, ಅದೇ ಒತ್ತಡ ಅದನ್ನು ಇನ್ನಷ್ಟು ಮೇಲೆತ್ತುತ್ತದೆ. ಫೋನಿನ ಚಿಪ್ಪಾಗಲಿ, ಪಾದರಸವಿಲ್ಲದ ಮುಳ್ಳಿನ ಅನೆರಾಯ್ಡ್ ಬ್ಯಾರೋಮೀಟರ್ ಆಗಲಿ ತೆಳು ಹಾಳೆಯ ಬಾಗುವಿಕೆಯಿಂದ ಒತ್ತಡ ಅಳೆಯುತ್ತವೆ, ಅವಕ್ಕೆ ಈ ತಿದ್ದುಪಡಿ ಬೇಡ. ವ್ಯತ್ಯಾಸದ ಬೇರು ಇರುವುದು ಅಲ್ಲಿ.

ಮೊದಲು ಓದುವ ಕ್ರಮ ಸರಿಯಿದೆಯೇ ನೋಡಿ. ಹತ್ತಿರ ಹೋದ ಕೂಡಲೇ ಅದಕ್ಕೆ ಅಂಟಿಸಿರುವ ಥರ್ಮಾಮೀಟರನ್ನೇ ಮೊದಲು ಓದಬೇಕು, ನಿಮ್ಮ ಮೈಕಾವು ತಟ್ಟುವ ಮುಂಚೆ. ಆಮೇಲೆ ತಳದ ತಿರುಪು ತಿರುಗಿಸಿ, ತೊಟ್ಟಿಯ ಪಾದರಸದ ಮೇಲ್ಮೈಯನ್ನು ದಂತದ ಮೊನೆಗೆ ತಾಗಿಸಬೇಕು. ಪಾದರಸದಲ್ಲಿ ಮೊನೆಯ ಪ್ರತಿಬಿಂಬ ಕಾಣುತ್ತದೆ. ಮೊನೆಯೂ ಬಿಂಬವೂ ಕೂಡಿದ ಗಳಿಗೆಯೇ ಸೊನ್ನೆ. ಮೇಲ್ಮೈಯಲ್ಲಿ ಕುಳಿ ಬಿದ್ದರೆ ತಿರುಪು ಹೆಚ್ಚಾಗಿದೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ವರ್ನಿಯರ್‌ನ ಕೆಳ ಅಂಚನ್ನು ಪಾದರಸದ ಉಬ್ಬಿನ ತುದಿಗೆ ಸರಿಯಾಗಿ ಇಳಿಸಿ ಓದಿ. ಮೇಲ್ಮೈ ಮಂಕಾಗಿ ಬಿಂಬವೇ ಕಾಣದಿದ್ದರೆ ಪಾದರಸ ಕೊಳೆಯಾಗಿದೆ, ನಿಮ್ಮ ಓದು ಅಲ್ಲಿಗೇ ಅನುಮಾನಾಸ್ಪದ.

ಈಗ ಲೆಕ್ಕ. ಥರ್ಮಾಮೀಟರ್ 27 ಡಿಗ್ರಿ, ಕಂಬ 698.8 ಮಿಲಿಮೀಟರ್ ಎನ್ನಿ. ನೇರವಾಗಿ ಹೆಕ್ಟೋಪ್ಯಾಸ್ಕಲ್ ಮಾಡಿದರೆ 931.7 ಬರುತ್ತದೆ. ಪಕ್ಕದಲ್ಲಿರುವ ಫೋನು 925 ಅನ್ನುತ್ತಿದೆ. ಬಿಸಿಗೆ ಪಾದರಸ ಹಿಗ್ಗಿದೆ, ಹಿತ್ತಾಳೆಯ ಸ್ಕೇಲೂ ಸ್ವಲ್ಪ ಹಿಗ್ಗಿದೆ. ಎರಡರ ನಿವ್ವಳ ಡಿಗ್ರಿಗೆ 0.000163 ಪಾಲು, 27 ಡಿಗ್ರಿಗೆ 3.1 ಮಿಲಿಮೀಟರ್. ಕಳೆದರೆ 695.7. ಇನ್ನು ಗುರುತ್ವ: 9.78ನ್ನು 9.80665ರಿಂದ ಭಾಗಿಸಿ ಗುಣಿಸಿದರೆ 1.9 ಮಿಲಿಮೀಟರ್ ಇಳಿದು 693.8. ಹೆಕ್ಟೋಪ್ಯಾಸ್ಕಲ್‌ನಲ್ಲಿ ಸರಿಯಾಗಿ 925. ಒಟ್ಟು 6.7 ಅಂಕಿಯ ಜಗಳದಲ್ಲಿ ಎರಡೂವರೆ ಗುರುತ್ವದ್ದು, ಉಳಿದದ್ದು ಕಾವಿನದ್ದು. ಮೈಸೂರಿನ ಪ್ರತಿ ಪಾದರಸದ ಬ್ಯಾರೋಮೀಟರಿಗೂ, ಪ್ರತಿ ದಿನವೂ, ಈ ಎರಡೂವರೆ ಅಂಟಿಕೊಂಡೇ ಇರುತ್ತದೆ. ಬಿಟ್ಟರೆ ಎತ್ತರದ ಲೆಕ್ಕದಲ್ಲಿ ಸುಮಾರು 24 ಮೀಟರ್ ತಪ್ಪಿದಂತೆ.

ಎರಡೂ ತಿದ್ದುಪಡಿಗಳ ನಂತರವೂ ಫೋನಿಗಿಂತ ಕಡಿಮೆಯೇ ಬರುತ್ತಿದ್ದರೆ ಕೊಳವೆಯ ಮೇಲ್ತುದಿಯ ನಿರ್ವಾತಕ್ಕೆ ಗಾಳಿ ಸೇರಿರಬಹುದು, ಆ ಗಾಳಿ ಕಂಬವನ್ನು ಕೆಳಗೆ ತಳ್ಳುತ್ತದೆ. ಸೆಕೆಯ ದಿನಗಳಲ್ಲಿ ತಪ್ಪು ಇನ್ನೂ ಹೆಚ್ಚಾಗುವುದು ಅದರ ಗುರುತು. ಇದನ್ನು ನೀವು ಸರಿಮಾಡಲು ಹೋಗಬೇಡಿ. ಕೊಳವೆ ಓರೆ ಮಾಡುವುದು, ಬಿಚ್ಚುವುದು, ಪಾದರಸ ತುಂಬುವುದು ತರಬೇತಿ ಇದ್ದವರ ಕೆಲಸ.

ಪಾದರಸ ಚೆಲ್ಲಿದರೆ: ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಚಿನ್ನದ ಉಂಗುರ, ಬಳೆ ತೆಗೆದಿಡಿ, ಪಾದರಸ ಚಿನ್ನಕ್ಕೆ ಕಚ್ಚಿಕೊಳ್ಳುತ್ತದೆ. ಪೊರಕೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಎರಡೂ ಅದನ್ನು ಹನಿಹನಿಯಾಗಿ ಹರಡಿ ಆವಿ ಹೆಚ್ಚಿಸುತ್ತವೆ. ಕೈಗವಸು ತೊಟ್ಟು, ದಪ್ಪ ಕಾಗದದಿಂದ ಹನಿಗಳನ್ನು ಕೂಡಿಸಿ, ಡ್ರಾಪರಿನಿಂದ ಎತ್ತಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ. ಸಂದಿಗಳಿಗೆ ಗಂಧಕದ ಪುಡಿ ಉದುರಿಸಿ. ಸಿಂಕಿಗೆ, ಚರಂಡಿಗೆ ಎಸೆಯಬೇಡಿ. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಹೊಸದನ್ನು ಕೊಳ್ಳುವ ಯೋಚನೆ ಇದ್ದರೆ ಬಿಡಿ. ಇರುವುದನ್ನು ಹುಷಾರಾಗಿ ಕಾಪಾಡಿ, ಮಕ್ಕಳಿಗೆ ಗುರುತ್ವದ ಆ ಎರಡು ಮಿಲಿಮೀಟರನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

"ಲೋಲಕದಲ್ಲಿ, ಗ್ರಾವಿಮೀಟರಿನಲ್ಲಿ ಗುರುತ್ವವೇ ದಿನದಿನಕ್ಕೆ ಬೇರೆ ಬರುತ್ತಿದೆ"

ಲೋಲಕದ್ದು ಬೇಗ ಮುಗಿಸೋಣ. ಒಂದು ಮೀಟರ್ ದಾರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಸಾವಿರಕ್ಕೆ ಒಂದು ಪಾಲು ತಪ್ಪು. 40 ಸೆಕೆಂಡಿನಲ್ಲಿ ಸ್ಟಾಪ್‌ವಾಚು 0.2 ಸೆಕೆಂಡ್ ಆಚೀಚೆ ಆದರೆ ನೂರಕ್ಕೆ ಒಂದು. ವಾಯುಭಾರದ ಏರಿಳಿತ ಹಿತ್ತಾಳೆ ಗುಂಡನ್ನು ತೇಲಿಸುವುದರಲ್ಲಿ ತರುವ ವ್ಯತ್ಯಾಸ ಕೋಟಿಗೆ ನಾಲ್ಕು ಪಾಲು. ದಾರ ಅಳೆಯಿರಿ, ಹೆಚ್ಚು ಆಂದೋಲನ ಎಣಿಸಿ, ಕಡಿಮೆ ಕೋನದಲ್ಲಿ ಬಿಡಿ.

ಗ್ರಾವಿಮೀಟರ್, ಅಂದರೆ ಗುರುತ್ವವನ್ನೇ ಅಳೆಯುವ ಸೂಕ್ಷ್ಮ ಉಪಕರಣ ಇರುವ ಭೂವಿಜ್ಞಾನದ ವಿದ್ಯಾರ್ಥಿಗಳ ಮಾತು ಬೇರೆ. ಗಾಳಿಯ ಒತ್ತಡ ಗುರುತ್ವವನ್ನು ನಿಜವಾಗಿ ಬದಲಿಸುವುದು ಕಾಣಿಸುವುದು ಅವರಿಗೆ ಮಾತ್ರ. ಒತ್ತಡ 1 ಹೆಕ್ಟೋಪ್ಯಾಸ್ಕಲ್ ಏರಿತು ಅಂದರೆ ಪ್ರತಿ ಚದರ ಮೀಟರಿನ ಮೇಲೆ ಹತ್ತು ಕಿಲೋ ಗಾಳಿ ಹೆಚ್ಚು ಬಂದು ಕೂತಿದೆ. ಆ ಗಾಳಿ ಉಪಕರಣವನ್ನು ಮೇಲಕ್ಕೆ ಎಳೆಯುತ್ತದೆ. ಜೊತೆಗೆ ನೆಲವನ್ನು ತುಸುವೇ ಕೆಳಗೆ ಅದುಮಿ, ಎಳೆತದ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಎರಡೂ ಸೇರಿ ರೀಡಿಂಗ್ ಸುಮಾರು 0.3 ಮೈಕ್ರೋಗಾಲ್ ಇಳಿಯುತ್ತದೆ. ಮೈಕ್ರೋಗಾಲ್ ಅಂದರೆ ಗುರುತ್ವದ ನೂರು ಕೋಟಿಯಲ್ಲಿ ಒಂದು ಪಾಲು. ಮೈಸೂರಿನ ದಿನದ ಏರಿಳಿತವೆಲ್ಲ ಸೇರಿ ಒಂದು ಮೈಕ್ರೋಗಾಲ್. ಹೊತ್ತೊಯ್ಯುವ ಗ್ರಾವಿಮೀಟರಿನ ನಿಖರತೆಯೇ ಐದು ಹತ್ತು ಮೈಕ್ರೋಗಾಲ್. ಇದು ಚೆನ್ನಾಗಿ ಕಾಣುವುದು ಉತ್ತರಾಖಂಡದ ಘುತ್ತುವಿನ ವೀಕ್ಷಣಾಲಯದಲ್ಲಿರುವಂಥ ಸೂಪರ್‌ಕಂಡಕ್ಟಿಂಗ್ ಗ್ರಾವಿಮೀಟರಿಗೆ.

ಹಾಗಾಗಿ ಕ್ರಮ ಇದು. ಗುಳ್ಳೆ ನಡುವೆ ಇದೆಯೇ, ಬ್ಯಾಟರಿ ತುಂಬಿದೆಯೇ, ಒಳಗಿನ ಕಾವು ಸ್ಥಿರವಾಗಿದೆಯೇ ನೋಡಿ. ಆಮೇಲೆ ಚಂದ್ರ ಸೂರ್ಯರ ಉಬ್ಬರದ ತಿದ್ದುಪಡಿ, ಅದು ದಿನದಲ್ಲಿ 200 ಮೈಕ್ರೋಗಾಲ್ ದಾಟಬಹುದು, ಬಿಟ್ಟರೆ ಬೇರೆ ಯಾವುದಕ್ಕೂ ಅರ್ಥವಿಲ್ಲ. ನಂತರ ಉಪಕರಣದ ಸ್ವಂತ ಜಾರುವಿಕೆ: ಅದೇ ಜಾಗಕ್ಕೆ ಮರಳಿ ಬಂದು ಅಳೆದು ಕಳೆಯಿರಿ. ಮಂಡ್ಯದಲ್ಲಿ ಅಳೆಯುವವರು ನೀರನ್ನು ಮರೆಯಬಾರದು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಗದ್ದೆ ತುಂಬಿ, ಅಂತರ್ಜಲ ಒಂದು ಮೀಟರ್ ಏರಿದರೆ, ಮಣ್ಣಿನಲ್ಲಿ ನೂರಕ್ಕೆ 20 ಪಾಲು ಖಾಲಿ ಜಾಗ ಇದೆ ಎಂದುಕೊಂಡರೂ ಎಂಟು ಮೈಕ್ರೋಗಾಲ್ ಹೆಚ್ಚಾಗುತ್ತದೆ. ಗಾಳಿಯ ಒತ್ತಡಕ್ಕಿಂತ ಎಷ್ಟೋ ದೊಡ್ಡದು. ಹತ್ತಿರದ ಬಾವಿಯ ನೀರಿನ ಮಟ್ಟವನ್ನೂ ಪುಸ್ತಕದಲ್ಲಿ ಬರೆದಿಡಿ.

ಇಷ್ಟೆಲ್ಲ ಕಳೆದ ಮೇಲೂ ರೀಡಿಂಗ್ ಒತ್ತಡದ ಜೊತೆ ಕುಣಿಯುತ್ತಿದ್ದರೆ ಗೆರೆಯ ಇಳಿಜಾರು ನೋಡಿ. ಹೆಕ್ಟೋಪ್ಯಾಸ್ಕಲ್‌ಗೆ ಮೈನಸ್ 0.3 ಮೈಕ್ರೋಗಾಲ್‌ನ ಹತ್ತಿರ ಇದ್ದರೆ ನೀವು ಹಿಡಿದಿರುವುದು ನಿಜವಾದ ಸಂಬಂಧ, ತಿದ್ದುಪಡಿ ಹಾಕಿ ಮುಂದೆ ನಡೆಯಿರಿ. ಅದರ ಹತ್ತು ಪಟ್ಟು ಇದ್ದರೆ ಅಥವಾ ಚಿಹ್ನೆ ತಿರುಗಿದ್ದರೆ ಉಪಕರಣದ ಪೆಟ್ಟಿಗೆಯ ಸೀಲು ಸೋರುತ್ತಿರಬಹುದು: ಹೊರಗಿನ ಗಾಳಿ ಒಳಹೊಕ್ಕು, ಸ್ಪ್ರಿಂಗಿಗೆ ತೂಗಿದ ತೂಕವನ್ನು ತೇಲಿಸುತ್ತಿರಬಹುದು. ಪೆಟ್ಟಿಗೆ ತೆರೆಯಬೇಡಿ. ತಯಾರಕರ ಸರ್ವಿಸಿಗೆ ಕಳಿಸಿ. ಕಳಿಸುವಾಗ ಕಡೇಪಕ್ಷ ಎರಡು ವಾರದ ದಾಖಲೆ ಜೊತೆಗಿಡಿ: ಗಂಟೆ, ರೀಡಿಂಗ್, ಅಬ್ಸಲ್ಯೂಟ್ ಒತ್ತಡ, ಒಳಗಿನ ಕಾವು, ಬ್ಯಾಟರಿ, ಬಾವಿಯ ಮಟ್ಟ, ಮಳೆ. ಸಮುದ್ರಮಟ್ಟಕ್ಕೆ ಇಳಿಸಿದ ಆ್ಯಪಿನ ಅಂಕಿಯನ್ನು ಮಾತ್ರ ಅದರಲ್ಲಿ ಸೇರಿಸಬೇಡಿ.